ಟೇಬಲ್ ಮೇಲಿನ ಟೀ

ಮಾರ್ಚ್ 3, ಮಂಗಳವಾರ

ಇವತ್ತೂ ಬಿಸಿಲು. ಇಂಗ್ಲೆಂಡಿನ ಗ್ರಿಮ್ಸ್‌ಬಿಯಲ್ಲಿ, ಮಾರ್ಚ್ ತಿಂಗಳಲ್ಲಿ! ಊರಿಗೆ ಊರೇ ಕೋಟು ಬಿಚ್ಚಿ ಅಡ್ಡಾಡುತ್ತಿದೆ. ಐಸ್‌ಕ್ರೀಮ್ ವ್ಯಾನ್ ಕೂಡ ಬಂತು. ನಾವು ಮೂವರು ಮಾತ್ರ ಸಮುದ್ರದ ಗೋಡೆಯ ಮೇಲೆ ಗಂಟುಮುಖ ಹಾಕಿಕೊಂಡು ಕೂತಿದ್ದೆವು.

ಟೋಬಿಗೆ ಬೂದು ಆಕಾಶ ಬೇಕು. ಸ್ಕ್ರಿಪ್ಟ್ ಬರೆದವನು ಅವನೇ, ನಿರ್ದೇಶಕನೂ ಅವನೇ. ಬಡವರ ಬದುಕಿನ ಸಿನಿಮಾದಲ್ಲಿ ಬಿಸಿಲು ಬಂದರೆ ಕೆಟ್ಟುಹೋಯಿತಂತೆ. ಮಾಚೆಕ್ ಕ್ಯಾಮೆರಾ ಮಡಿಚಿಟ್ಟು ಚಿಪ್ಸ್ ತಿನ್ನುತ್ತಿದ್ದ. ಹೀಗೇ ಆದರೆ ಇದನ್ನು ಪ್ರವಾಸೋದ್ಯಮದವರಿಗೆ ಜಾಹೀರಾತು ಅಂತ ಮಾರಬಹುದು ಅಂದ. ಟೋಬಿ ನಗಲಿಲ್ಲ.

ಕೋರ್ಸ್‌ವರ್ಕಿಗೆ ಬೇಕಿರುವುದು ಸಿನಿಮಾದ ಆರಂಭ ಮಾತ್ರ. ಎರಡು ನಿಮಿಷ. ಆ ಎರಡು ನಿಮಿಷಕ್ಕೆ ಇಷ್ಟೊಂದು ರಗಳೆ.

ಆದರೂ ಚಿಪ್ಸ್ ಬಿಸಿಯಾಗಿತ್ತು. ಸಮುದ್ರ ನೀಲಿಯಾಗಿತ್ತು. ಸುಳ್ಳು ಯಾಕೆ ಹೇಳಲಿ, ಖುಷಿಯಾಗಿತ್ತು.

ಮಾರ್ಚ್ 5, ಗುರುವಾರ

ತಾಯಿಯ ಪಾತ್ರಕ್ಕೆ ಒಪ್ಪಿದ್ದ ಡ್ರಾಮಾ ಕ್ಲಾಸಿನ ಹುಡುಗಿ ಕೈಕೊಟ್ಟಳು. ಅವಳಿಗೆ ಮ್ಯೂಸಿಕಲ್‌ನಲ್ಲಿ ಹಾಡುವ ಪಾತ್ರ ಸಿಕ್ಕಿದೆಯಂತೆ. ಇನ್ನು ಶೂಟಿಂಗಿಗೆ ಮನೆ. ಟೋಬಿ ಮನೆಯ ಅಡುಗೆಮನೆ ನಮ್ಮ ಇಡೀ ಮನೆಯಷ್ಟಿದೆ, ಅಲ್ಲಿ ಯಾರಿಗೂ ಅಳು ಬರುವುದಿಲ್ಲ. ಮಾಚೆಕ್ ಮನೆಯಲ್ಲಿ ಹಗಲೆಲ್ಲ ರಾತ್ರಿಪಾಳಿಯವರು ಮಲಗಿರುತ್ತಾರೆ. ಉಳಿದದ್ದು ನಮ್ಮದು.

ಟೋಬಿ ಸಂಜೆ ನೋಡಲು ಬಂದ. ಅಡುಗೆಮನೆಯ ಮಧ್ಯೆ ನಿಂತ. ಸಿಂಕಿನ ಮೇಲಿನ ತೇವದ ಕಲೆಯನ್ನು ಮ್ಯೂಸಿಯಮ್ಮಿನಲ್ಲಿ ಚಿತ್ರ ನೋಡುವವರ ಹಾಗೆ ನೋಡಿದ.

"ಪರ್ಫೆಕ್ಟ್. ಎಷ್ಟು ರಿಯಲ್ ಆಗಿದೆ."

ಅಮ್ಮ ವಾಷಿಂಗ್ ಮಷಿನ್ ಹತ್ತಿರ ಬಗ್ಗಿದ್ದಳು. ತಲೆ ಎತ್ತಿ ಕೇಳಿದಳು, "ರಿಯಲ್ ಅಂದ್ರೆ?"

ಟೋಬಿ ಕಿವಿ ತನಕ ಕೆಂಪಾದ. "ಅಂದ್ರೆ... ಜನ ವಾಸ ಮಾಡೋ ಥರ ಇದೆ, ಮಿಸೆಸ್ ಸ್ಟಬ್ಸ್."

"ವಾಸ ಮಾಡ್ತಾನೇ ಇದೀವಲ್ಲ ಮರೀ. ಲೊರೇನ್ ಅಂತ ಕರಿ, ಸಾಕು."

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ತಾಯಿ ಪಾತ್ರಕ್ಕೆ ಜನ ಸಿಕ್ಕಿಲ್ಲ ಅಂತ ಮಾಚೆಕ್ ಬಾಯಿಬಿಟ್ಟ. ನಾನೇ ಮಾಡ್ತೀನಿ ಅಂದಳು ಅಮ್ಮ. ಮೀನಿನ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಸೂಪರ್‌ವೈಸರ್ ಮುಂದೆ ನಟಿಸಿದ್ದೇನೆ, ಎರಡು ನಿಮಿಷ ಯಾವ ಲೆಕ್ಕ ಅಂದಳು. ಟೋಬಿಯ ಮುಖ ಅರಳಿತು.

ನನ್ನದು ಬಾಡಿತು. ಟೋಬಿಯ ಸ್ಕ್ರಿಪ್ಟಿನ ತಾಯಿ ಸೋತು ಸುಣ್ಣವಾದವಳು. ಮನೆ ಹಾಳು, ಗಂಡ ಇಲ್ಲ, ಮಕ್ಕಳು ಹತ್ತಿರ ಸುಳಿಯುವುದಿಲ್ಲ. ಇದನ್ನು ಅಮ್ಮನಿಗೆ ಹೇಳಲಿಲ್ಲ. ಟೇಬಲ್ ಹತ್ತಿರ ಕೂತು ಕಾಯುವ ಪಾತ್ರ ಅಂದೆ, ಅಷ್ಟೇ. ಕೊನೆಗೆ ಇದನ್ನು ಕಾಲೇಜಿನಲ್ಲಿ ಎಲ್ಲರ ಮುಂದೆ ತೋರಿಸುತ್ತಾರೆ. ನಮ್ಮ ಅಡುಗೆಮನೆಯಲ್ಲಿ ನನ್ನ ಅಮ್ಮನನ್ನು ನೋಡಿ ಅವರೆಲ್ಲ ಅಯ್ಯೋ ಪಾಪ ಅನ್ನುವುದು... ಬೇಡ. ಅಮ್ಮ ಅದನ್ನು ಕೇಳಿಸಿಕೊಳ್ಳುವುದಂತೂ ಬೇಡವೇ ಬೇಡ.

ಮಾರ್ಚ್ 14, ಶನಿವಾರ. ಬೆಳಿಗ್ಗೆ 9

ಶೂಟಿಂಗ್ ದಿನ. ಕೆಳಗಿಳಿದು ಬಂದೆ.

ಮನೆ ಥಳಥಳ ಹೊಳೆಯುತ್ತಿದೆ. ಮಾರ್ಕೆಟ್ಟಿನಿಂದ ಹೊಸ ಪರದೆ. ಕಿಟಕಿಯಲ್ಲಿ ಹಳದಿ ಡ್ಯಾಫೊಡಿಲ್ ಹೂವು. ತೇವದ ಕಲೆ ಮಾಯ. ಅಮ್ಮ ಬೆಳಗಾಗುವ ಮೊದಲೇ ಎದ್ದು ಬಿಳಿ ಬಣ್ಣ ಬಳಿದಿದ್ದಾಳೆ!

ಜನ ನೋಡುವ ಸಿನಿಮಾ ಕಣೇ ಕೀಲಿ, ನಮ್ಮ ಮನೆ ಕೊಳೆಯಾಗಿ ಕಾಣಬೇಕಾ ಅಂದಳು.

ಟೋಬಿ ಬಂದು ಬಾಗಿಲಲ್ಲೇ ನಿಂತುಬಿಟ್ಟ. "ನನ್ನ ಕಲೆ ಎಲ್ಲಿ?" ಅಂದ. ಸ್ವಂತ ನಾಯಿ ಕಳೆದುಕೊಂಡವನ ದನಿ.

ಅದೇ ದಿನ, ಸಂಜೆ

ಬೆಳಿಗ್ಗೆಯೆಲ್ಲ ಮನೆ ಕೊಳಕು ಮಾಡುವುದೇ ಕೆಲಸ. ಒಣಹಾಕಿದ ಬಟ್ಟೆ ಬೇಕು ಅಂತ ಮಾಚೆಕ್ ಕೇಳಿದರೆ ಅಮ್ಮ ಇಸ್ತ್ರಿ ಮಾಡಿದ್ದನ್ನೇ ತಂದು ತೂಗುಹಾಕಿದಳು. ಹಳೆಯ ಪರದೆ ಹುಡುಕಿ ಕಟ್ಟಿದೆವು. ಗೋಡೆಯನ್ನು ಮಾತ್ರ ಏನೂ ಮಾಡಲಾಗಲಿಲ್ಲ. ಬಣ್ಣ ಇನ್ನೂ ಹಸಿಯಿತ್ತು.

ಆಮೇಲೆ ಮುಖ್ಯ ದೃಶ್ಯ. ಸ್ಕ್ರಿಪ್ಟಿನಲ್ಲಿ ಇದ್ದದ್ದು ಇಷ್ಟೇ: ತಾಯಿ ಟೇಬಲ್ ಮೇಲೆ ಟೀ ಇಡುತ್ತಾಳೆ. ಯಾರೂ ಬರುವುದಿಲ್ಲ. ಟೀ ತಣ್ಣಗಾಗುತ್ತದೆ.

ಟೋಬಿ ಆಕ್ಷನ್ ಅಂದ. ಅಮ್ಮ ಓವನ್ ಬಾಗಿಲು ತೆಗೆದು ಮೀನು ಹೊರತಂದಳು. ಕಾರ್ಖಾನೆಯಿಂದ ತಂದ ಹ್ಯಾಡಕ್. ಚಿಪ್ಸ್. ಬಟಾಣಿ. ಬೆಣ್ಣೆ ಸವರಿದ ಬ್ರೆಡ್ಡು. ನಾಲ್ಕು ತಟ್ಟೆ ತುಂಬ ಬಡಿಸಿದಳು.

"ಕಟ್, ಕಟ್. ಇದೇನಿದು?"

"ಟೀ," ಅಂದಳು ಅಮ್ಮ.

"ಟೀ ಎಲ್ಲಿದೆ?"

"ಕಣ್ಣೆದುರಿಗೇ ಇದೆಯಲ್ಲಪ್ಪ."

ಟೋಬಿಯ ಅಪ್ಪ ಸಮುದ್ರದಲ್ಲಿ ಗಾಳಿಯಂತ್ರ ನಿಲ್ಲಿಸುವ ಕೆಲಸಕ್ಕೆಂದು ಲಂಡನ್ ಕಡೆಯಿಂದ ಬಂದವರು. ಅವರ ಟೀ ಅಂದರೆ ಮಗ್ಗಿನಲ್ಲಿ ಕುಡಿಯುವುದು. ನಮ್ಮ ಟೀ ಅಂದರೆ ಸಂಜೆಯ ಊಟ. ಎರಡು ವರ್ಷ ಈ ಊರಿನಲ್ಲಿದ್ದೂ ಅವನಿಗೆ ಅದು ಗೊತ್ತಿಲ್ಲ! ನಾನೂ ಕಡಿಮೆಯೇನಲ್ಲ. ಸ್ಕ್ರಿಪ್ಟನ್ನು ಎಷ್ಟೋ ಸಲ ಓದಿದ್ದೇನೆ, ಪ್ರತಿ ಸಲವೂ ಊಟ ಅಂತಲೇ ಓದಿಕೊಂಡಿದ್ದೇನೆ. ನಗು ತಡೆಯಲಾಗದೆ ಫ್ರಿಜ್ ಹಿಡಿದುಕೊಂಡೆ.

ಟೋಬಿ ಮಗ್ ಹುಡುಕತೊಡಗಿದ. ಅಷ್ಟರಲ್ಲಿ ಮಾಚೆಕ್ ಕ್ಯಾಮೆರಾ ಹಿಂದಿನಿಂದ, "ಮಗ್ ಬಿಡು. ಬಂದು ಇದನ್ನ ನೋಡು," ಅಂದ.

ಇಬ್ಬರೂ ಹೋಗಿ ನೋಡಿದೆವು. ಹಬೆಯಾಡುವ ನಾಲ್ಕು ತಟ್ಟೆ. ಒಬ್ಬಳೇ ಹೆಂಗಸು. ಟೋಬಿ ಮಗ್ ಹುಡುಕುವುದನ್ನು ಬಿಟ್ಟ.

ಮತ್ತೆ ಆಕ್ಷನ್. ಅಮ್ಮ ಕೂತಳು. ಬಾಗಿಲು ನೋಡಿದಳು. ಫೋರ್ಕ್ ನೆಟ್ಟಗೆ ಮಾಡಿದಳು. ಮತ್ತೆ ಬಾಗಿಲು ನೋಡಿದಳು. ಆಗ ಮಾಚೆಕ್‌ನ ಹೊಟ್ಟೆ ಗುರ್ ಅಂತ ಸದ್ದು ಮಾಡಿತು. ಅಮ್ಮ ತುಟಿ ಕಚ್ಚಿ ತಡೆದಳು, ಆಗಲಿಲ್ಲ, ನಕ್ಕುಬಿಟ್ಟಳು. ನಗುತ್ತಲೇ ಎದುರಿನ ತಟ್ಟೆಯಿಂದ ಒಂದು ಚಿಪ್ಸ್ ಎತ್ತಿ ಬಾಯಿಗೆ ಹಾಕಿಕೊಂಡಳು.

ಆಮೇಲೆ ಎಲ್ಲರನ್ನೂ ಕೂರಿಸಿ ಊಟ ಮಾಡಿಸಿದಳು. ಟೋಬಿ ಎರಡು ಸಲ ಬಡಿಸಿಕೊಂಡ. ಎಷ್ಟು ಒಳ್ಳೆಯ ದಿನ.

ಮಾರ್ಚ್ 18, ಬುಧವಾರ

ಎಡಿಟಿಂಗ್. ಟೋಬಿ ಜೊತೆ ಜಗಳ.

ಅಮ್ಮನ ನಗು ಕತ್ತರಿಸಬೇಕಂತೆ. ಆ ತಾಯಿ ಎಲ್ಲ ಕಳೆದುಕೊಂಡವಳು, ಅವಳು ನಗುವುದು ರಿಯಲ್ ಅಲ್ಲವಂತೆ. ಮತ್ತೆ ಆ ಪದ! ಯಾರಿಗೂ ಹೇಳದ ವಿಷಯವನ್ನು ಅವನಿಗೆ ಹೇಳಿಬಿಟ್ಟೆ. ಅಪ್ಪ ಮನೆ ಬಿಟ್ಟು ಹೋದ ದಿನ ಸೋಫಾ ಕೂಡ ಒಯ್ಯಲು ನೋಡಿದ. ಅದು ಬಾಗಿಲಲ್ಲಿ ಸಿಕ್ಕಿಕೊಂಡಿತು, ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಅಪ್ಪ ಆ ಕಡೆ, ನಾವು ಈ ಕಡೆ. ಅಮ್ಮ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತದ್ದು ಆಮೇಲೆ.

ಮಾಚೆಕ್ ಕಿಟಕಿಯ ಕಡೆ ತಿರುಗಿದ. ಟೋಬಿ ನಗುವನ್ನು ಮತ್ತೆ ಅದರ ಜಾಗದಲ್ಲಿ ಸೇರಿಸಿದ. ಸ್ವಲ್ಪ ಹೊತ್ತಾದ ಮೇಲೆ, ಹಿಂದೆ ಹಾಕಬೇಕಿದ್ದ ಪಿಯಾನೊ ಸಂಗೀತವನ್ನೂ ತಾನಾಗಿಯೇ ತೆಗೆದ.

ಮಾರ್ಚ್ 26, ಗುರುವಾರ

ನಾಳೆ ಪ್ರದರ್ಶನ. ಅಮ್ಮ ಪಾಳಿ ಬದಲಾಯಿಸಿಕೊಂಡಿದ್ದಾಳೆ. ತಲೆಗೆ ಹೊಸ ಬಣ್ಣ. ಕಾರ್ಖಾನೆಗೆಲ್ಲ ಸುದ್ದಿ ಕೊಟ್ಟಿದ್ದಾಳೆ.

ಸ್ಕ್ರಿಪ್ಟಿನ ತಾಯಿಯ ಬಗ್ಗೆ ಎಲ್ಲವನ್ನೂ ಹೇಳಿಬಿಡಬೇಕು ಅಂತ ಅವಳ ರೂಮಿಗೆ ಹೋದೆ. ಯಾವ ಕಿವಿಯೋಲೆ ಚೆನ್ನಾಗಿದೆ ಅಂತ ಕೇಳಿದಳು. ಹಸಿರು ಅಂದೆ. ವಾಪಸ್ ಬಂದೆ.

ಮಾರ್ಚ್ 27, ಶುಕ್ರವಾರ

ಬಸ್ಸಿಳಿದು ಬಂದು ಕೂತಿದ್ದೇನೆ. ನಡೆದ ಹಾಗೆ ಬರೆಯುತ್ತೇನೆ.

ದೀಪ ಆರಿತು. ಪರದೆಯ ಮೇಲೆ ನಮ್ಮ ಅಡುಗೆಮನೆ. ಅಷ್ಟು ದೊಡ್ಡದಾಗಿ ಅದನ್ನು ಎಂದೂ ನೋಡಿರಲಿಲ್ಲ. ನಾಲ್ಕು ತಟ್ಟೆ. ಅಮ್ಮ ಬಾಗಿಲು ನೋಡುತ್ತಾಳೆ. ಮುಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ ಅಯ್ಯೋ ಪಾಪ ಅಂದರು. ಅದೇ ಮಾತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಮ್ಮನ ಕಡೆ ತಿರುಗುವ ಧೈರ್ಯ ಬರಲಿಲ್ಲ.

ಆಮೇಲೆ ಪರದೆಯ ಮೇಲೆ ಅಮ್ಮನ ನಗು. ಇಡೀ ರೂಮು ಅವಳ ಜೊತೆ ನಕ್ಕಿತು. ಆ ಅಯ್ಯೋ ಪಾಪದವಳೂ ನಕ್ಕಳು. ಚಿಪ್ಸ್ ಬಾಯಿಗೆ ಹೋಯಿತು. ಪರದೆ ಕಪ್ಪಾಯಿತು. ಚಪ್ಪಾಳೆ. ನಮ್ಮ ಮಿಸ್ ಆಗ್ಡನ್ ಕಣ್ಣೊರೆಸಿಕೊಂಡರು. ಟೋಬಿ ಎದ್ದು ನಿಂತು ಅಮ್ಮನ ಕಡೆ ಕೈ ತೋರಿಸಿದ.

ಬಸ್ ಸ್ಟಾಪ್ ತನಕ ಅಮ್ಮ ತುಟಿಪಿಟಕ್ಕೆನ್ನಲಿಲ್ಲ. ಕೇಳಿಸಿಕೊಂಡಿದ್ದಾಳೆ ಅಂತ ಗೊತ್ತಾಯಿತು. ನಾನೇ ಬಾಯಿಬಿಟ್ಟೆ. "ಬೇಜಾರಾಯ್ತೇನಮ್ಮ? ಮನೇನ ಹಾಗೆ ತೋರ್ಸಿದ್ದು... ಅವರು ಹಾಗೆ ಅಂದಿದ್ದು?"

"ಮನೆಗೇನಾಗಿದೆ? ಗೋಡೆ ಎಷ್ಟು ಬೆಳ್ಳಗೆ ಕಾಣ್ತಿತ್ತು." ಬ್ಯಾಗಿನ ಜಿಪ್ ಎಳೆದಳು, ಬಿಚ್ಚಿದಳು, ಮತ್ತೆ ಎಳೆದಳು. "ಅದು ಬಿಡು. ಆಮೇಲೆ ಏನಾಗುತ್ತೆ?"

"ಯಾವುದರ ಆಮೇಲೆ?"

"ಆ ಹೆಂಗಸು ಕಣೇ. ಟೀ ಮಾಡಿಟ್ಕೊಂಡು ಕೂತಿದಾಳಲ್ಲ. ಮನೆಗೆ ಯಾರು ಬರ್ತಾರೆ?"

"ಯಾರೂ ಇಲ್ಲಮ್ಮ. ಅಷ್ಟೇ. ಮುಂದಿಂದು ಬರ್ದೇ ಇಲ್ಲ."

ಅಮ್ಮ ನನ್ನನ್ನೇ ನೋಡಿದಳು. "ಅವಳನ್ನ ಹಾಗೇ ಕೂರ್ಸಿಬಿಟ್ಟು ಎದ್ದು ಬಂದ್ರಾ?"

ಬಸ್ ಬಂತು. ದಾರಿಯುದ್ದಕ್ಕೂ ಕಿಟಕಿ ನೋಡುತ್ತಿದ್ದಳು. ಅವಳಿಗೆ ತನ್ನ ಚಿಂತೆಯೇ ಇರಲಿಲ್ಲ. ಇಷ್ಟು ದಿನ ನಾನು ಸುಮ್ಮನೆ ಹೆದರಿ ಸತ್ತೆ.

ಮಾರ್ಚ್ 28, ಶನಿವಾರ

ಟೋಬಿಗೆ ಫೋನ್ ಮಾಡಿ, ಮುಂದಿನದನ್ನೂ ಶೂಟ್ ಮಾಡೋಣ ಅಂದೆ. ಮುಂದಿನದಕ್ಕೆ ಮಾರ್ಕ್ಸ್ ಇಲ್ಲ ಅಂದ. ಗೊತ್ತು ಅಂದೆ. ಈ ಸಲ ಸ್ಕ್ರಿಪ್ಟ್ ನೀನೇ ಬರಿ, ಕೀಲಿ, ಅಂದ. ಕ್ಯಾಮೆರಾ ಸೋಮವಾರದ ತನಕ ತನ್ನ ಹತ್ತಿರವೇ ಇರುತ್ತದೆ ಅಂದ ಮಾಚೆಕ್.

ಬರೆಯುತ್ತಿದ್ದೇನೆ. ಬಾಗಿಲು ತೆರೆಯುತ್ತದೆ. ತಾಯಿ ಥಟ್ಟನೆ ಎದ್ದು ನಿಲ್ಲುತ್ತಾಳೆ. ಬಂದವಳು ಮಗಳು, ತುಂಬ ತಡವಾಗಿ ಬಂದಿದ್ದಾಳೆ. ಚಪ್ಪಲಿ ಬಿಡುತ್ತಾಳೆ, ಕುರ್ಚಿ ಎಳೆದುಕೊಳ್ಳುತ್ತಾಳೆ, ತಣ್ಣಗಾದ ತಟ್ಟೆಯನ್ನು ಹತ್ತಿರ ಸರಿಸಿಕೊಂಡು ಹೇಳುತ್ತಾಳೆ, "ಅಮ್ಮಾ, ಕೂತ್ಕೋ. ಟೀ ತಿನ್ನೋಣ."