ಎಂಟನೇ ಬಾಗಿಲಲ್ಲಿ ನಿಂತ ಆಟ

ಮಸೆಲ್ ಕೋವ್, ನ್ಯೂಫೌಂಡ್‌ಲ್ಯಾಂಡ್
ಸೋಮವಾರ, ೩೦ ಡಿಸೆಂಬರ್ ೧೯೯೧, ಬೆಳಗ್ಗೆ

ಪ್ರೀತಿಯ ಮಗಳು ಡೊರೀನ್‌ಗೆ,

ನಿನ್ನ ಬೆನ್ನು ಹೇಗಿದೆ, ಮೊದಲು ಅದನ್ನು ಹೇಳು. ಎಂಟು ದಿನದಿಂದ ಆಸ್ಪತ್ರೆಯ ಕುರ್ಚಿಯಲ್ಲೇ ಮಲಗುತ್ತಿದ್ದೀಯಂತೆ. ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನುತ್ತೀಯೋ, ಇಲ್ಲ ನಿನ್ನ ಮಗರಾಯ ಕೋರಿ ಬಿಟ್ಟ ಬಟ್ಟಲಿನಲ್ಲೇ ಎರಡು ಚಮಚ ಮುಗಿಸಿ ಎದ್ದುಬಿಡುತ್ತೀಯೋ? ನಿನ್ನಮ್ಮ ಒಂದು ದೊಡ್ಡ ಬ್ರೆಡ್ಡನ್ನೂ ಕೆಂಪು ಕಾಡುಹಣ್ಣಿನ ಜಾಮನ್ನೂ ಕಟ್ಟಿದ್ದಾಳೆ. ಟ್ಯಾಕ್ಸಿಯ ಗಸ್ ಮಧ್ಯಾಹ್ನ ಸೇಂಟ್ ಜಾನ್ಸ್‌ಗೆ ಹೊರಡುತ್ತಾನೆ, ಅವನ ಕೈಯಲ್ಲೇ ಈ ಕಾಗದವನ್ನೂ ಕಳಿಸುತ್ತೇನೆ. ಸಂಜೆಗೆ ನಿನಗೆ ಸಿಗಬೇಕು. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮೊಣಕಾಲು ಎಂದಿನ ಹಾಗೆ ನನಗಿಂತ ಮೊದಲು ಹವಾಮಾನ ಹೇಳುತ್ತದೆ. ಅಳಿಯನ ಬೋಟು ಇನ್ನೂ ಆಳ ಸಮುದ್ರದಲ್ಲೇ ಇದೆ. ಗುರುವಾರದ ಆಪರೇಷನ್ನಿನ ವಿಷಯವನ್ನು ರೇಡಿಯೋದಲ್ಲಿ ಅವನಿಗೆ ತಲುಪಿಸಿದ್ದಾರೆ. ಅವನು ಮರುಮಾತು ಕಳಿಸಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಹತ್ತು ಬೋಟಿನವರು ಕಿವಿಗೊಟ್ಟು ಕೇಳುವ ರೇಡಿಯೋದಲ್ಲಿ ಗಂಡಸು ಏನು ತಾನೇ ಹೇಳುತ್ತಾನೆ?

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ನೀನು ಫೋನು ಹಿಡಿದಾಗಲೆಲ್ಲ ಕೋರಿ ನಿನ್ನ ಮೊಣಕೈಗೆ ಅಂಟಿಕೊಂಡಿರುತ್ತಾನೆ. ಅವನು ಕೇಳಬಾರದ ಮಾತು ಇದು. ನೀವು ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಅವನು ನಮ್ಮ ಮುಂದಿನ ಕೋಣೆಯಲ್ಲಿ ವಿಡಿಯೋ ಗೇಮ್ ಆಡುತ್ತಾ ಕೂತಿದ್ದನಲ್ಲ, ನೀನು ಅವನ ಬಟ್ಟೆ ಮಡಿಸುತ್ತಿದ್ದೆ. ಆಗ ಅವನು ಆಟವನ್ನು ನಡುವೆಯೇ ನಿಲ್ಲಿಸಿ, ಆಟದ ಪೆಟ್ಟಿಗೆಯನ್ನು ಮಾತ್ರ ಆರಿಸದೆ, ನನ್ನ ಕಿವಿಯ ಹತ್ತಿರ ಬಂದ. "ತಾತ, ನಾನು ವಾಪಸ್ ಬರೋವರ್ಗೂ ಇದು ಆನ್ ಆಗೇ ಇರ್ಬೇಕು. ಅದು ಆನ್ ಇದ್ರೆ ನಾನೂ ಆನ್. ಆಫ್ ಆದ್ರೆ..." ಎಂದು ಅರ್ಧಕ್ಕೇ ಬಿಟ್ಟ. ಮುಂದೇನೆಂದು ಕೇಳುವ ಧೈರ್ಯ ನನಗಿರಲಿಲ್ಲ ಮಗಳೇ. ಹತ್ತು ವರ್ಷದ ಹುಡುಗ ಹೀಗೆ ದೇವರ ಜೊತೆ ಒಪ್ಪಂದ ಮಾಡಿಕೊಂಡು ಅದಕ್ಕೆ ನನ್ನನ್ನು ಕಾವಲಿಗೆ ಹಾಕಿದರೆ, ಅರವತ್ತಾರು ವರ್ಷದ ನಾನು ಆಗಲ್ಲ ಅನ್ನಲಾ? ಟೀವಿಯ ಮೇಲೆ ಒಂದು ಚೀಟಿ ಅಂಟಿಸಿದ. "ಆರಿಸಬೇಡಿ. ಅಜ್ಜಿ, ಇದು ನಿನಗೇ." ನಿನ್ನಮ್ಮನಿಗೆ ಕೋಪ ಬಂತು. ಮಿಂಚಿದರೆ ಸಾಕು ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುವವಳು ಅವಳೇ ತಾನೆ, ಹುಡುಗನಿಗೆ ಗೊತ್ತಿದೆ.

ನಿನಗೆ ಆ ಆಟಗಳೆಲ್ಲ ಒಂದೇ ಗದ್ದಲ. ನನಗೆ ಹಾಗಲ್ಲ, ನಾನು ಅವನ ಪಕ್ಕದಲ್ಲಿ ಎರಡು ಚಳಿಗಾಲ ಕೂತವನು. ಅವನಿಗೆ ಪ್ರಾಣವಾದ ಕ್ಯಾಸೆಟ್ಟುಗಳು ಮೂರು. ಒಂದು ಹಿಮದ ಹಾಕಿ. ಅದರಲ್ಲಿ ನನ್ನದು ಯಾವಾಗಲೂ ದಪ್ಪನೆಯವರ ತಂಡ. ನನ್ನವರು ಯಾರನ್ನೂ ಹಿಂದಿಕ್ಕುವುದಿಲ್ಲ, ಆದರೆ ಅವರಿಗೆ ಡಿಕ್ಕಿ ಹೊಡೆದವನು ಮೂರು ಸಲ ಉರುಳುತ್ತಾನೆ. "ತಾತ, ನೀನು ಹಾಕಿ ಆಡ್ತಿಲ್ಲ, ಹಸು ಮೇಯಿಸ್ತಿದ್ದೀಯ" ಎಂದು ನಗುತ್ತಿದ್ದ, ನಕ್ಕು ನಕ್ಕು ತುಟಿ ನೀಲಿಯಾದಾಗ ನಾನೇ ಆಟ ನಿಲ್ಲಿಸುತ್ತಿದ್ದೆ. ಇನ್ನೊಂದು ಮುಳುಗುವವನದು. ಅವನು ತಳದಿಂದ ಮುತ್ತು ಹೆಕ್ಕಿ, ಉಸಿರು ಮುಗಿಯುವ ಮೊದಲು ಮೇಲೆ ಬರಬೇಕು. ಈ ಚಳಿಗಾಲ ಆ ಕ್ಯಾಸೆಟ್ಟನ್ನು ಅವನು ಮುಟ್ಟಿಲ್ಲ. ಯಾಕೆಂದು ನೀನೂ ಕೇಳಬೇಡ. ಮೂರನೆಯದೇ ಈ ಕೋಟೆಯ ಆಟ. ಪುಟ್ಟ ಹುಡುಗನೊಬ್ಬ ಕೈಯಲ್ಲಿ ದೀಪ ಹಿಡಿದು ನೆಲದಡಿಯ ಕೋಟೆಗೆ ಇಳಿಯುತ್ತಾನೆ. ಎಂಟು ಬಾಗಿಲು, ಬಾಗಿಲಿಗೊಂದು ಕಾವಲು. ನಾನು ಅವನಿಗೆ ಹೇಳುತ್ತಿದ್ದ ರಾಜಕುಮಾರರ ಕಥೆಗಳೇ, ಇಲ್ಲಿ ರಾಜಕುಮಾರ ಸತ್ತರೆ ಮತ್ತೆ ಏಳುತ್ತಾನೆ ಅಷ್ಟೆ, ಅದೂ ಲೆಕ್ಕಕ್ಕೆ ಇಷ್ಟೇ ಸಲ. ಒಂದು ದೋಷವೆಂದರೆ ಈ ಆಟಕ್ಕೆ ನೆನಪಿಲ್ಲ. ಪೆಟ್ಟಿಗೆ ಆರಿದರೆ ನಡೆದ ದಾರಿಯೆಲ್ಲ ಅಳಿಸಿಹೋಗಿ ಮತ್ತೆ ಮೊದಲ ಬಾಗಿಲು. ಕೋರಿ ಎಂಟನೇ ಬಾಗಿಲ ಮುಂದೆ ನಿಲ್ಲಿಸಿ ಹೋಗಿದ್ದಾನೆ. ಅಲ್ಲಿಯವರೆಗೆ ಅವನು ಎಂದೂ ಹೋಗಿರಲಿಲ್ಲ.

ಹಾಗೆ ಶುರುವಾಯಿತು ನಮ್ಮ ಕಾವಲು. ನಾನು ಬಿರುಗಾಳಿಯಲ್ಲಿ ದೋಣಿ ನಡೆಸಿದ್ದೇನೆ, ಮಂಜಿನಲ್ಲಿ ದಾರಿ ತಪ್ಪಿ ಎರಡು ದಿನ ನೀರಿನ ಮೇಲಿದ್ದೇನೆ. ಪೆಟ್ಟಿಗೆಯ ಮೇಲಿನ ಉಗುರಿನಷ್ಟು ಕೆಂಪು ದೀಪ ಆರೀತೆಂದು ಹೆದರಿದ ಹಾಗೆ ಯಾವುದಕ್ಕೂ ಹೆದರಿದವನಲ್ಲ. ಮೂರನೇ ದಿನಕ್ಕೆ ಪೆಟ್ಟಿಗೆ ಒಲೆಯ ಹಾಗೆ ಬಿಸಿಯಾಯಿತು. ನಿನ್ನಮ್ಮ ಗಳಿಗೆಗೊಮ್ಮೆ ಅದರ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು, ಜ್ವರದ ಮಗುವಿನ ಹಣೆ ನೋಡುವ ಹಾಗೆ. ಬೆಂಕಿ ಹತ್ತಿದರೆ ಎಂಬ ಭಯ ಒಂದು ಕಡೆ, ಆರಿದರೆ ಎಂಬ ಭಯ ಇನ್ನೊಂದು ಕಡೆ. ಪೆಟ್ಟಿಗೆಯ ಕೆಳಗೆ ನಾಲ್ಕು ಚಹಾ ಬಟ್ಟಲು ಬೋರಲು ಹಾಕಿ ಗಾಳಿಯಾಡುವ ಹಾಗೆ ಎತ್ತರಿಸಿದೆ. ತಂತಿಗಳ ಮೇಲೆ ಹಿಮ ಗಟ್ಟಿಯಾಗಿ ಮನೆಯ ದೀಪಗಳು ಒಮ್ಮೆ ಮಂಕಾದಾಗ ನಾವಿಬ್ಬರೂ ಪೆಟ್ಟಿಗೆಯ ಹತ್ತಿರ ಓಡಿದೆವು. ಹಿಮವೇ ಕನಿಕರಪಟ್ಟಿತೇನೋ, ದೀಪ ಮತ್ತೆ ಬೆಳಗಿತು. ನಿನ್ನಮ್ಮ ಅಂದಿನಿಂದ ವಿದ್ಯುತ್ ಕೆಟಲ್ ಮುಟ್ಟಿಲ್ಲ, ಅದರ ಭಾರಕ್ಕೆ ಫ್ಯೂಸ್ ಹೋದೀತೆಂದು ಸೌದೆಯ ಒಲೆಯಲ್ಲೇ ನೀರು ಕಾಯಿಸುತ್ತಾಳೆ. ಕ್ರಿಸ್‌ಮಸ್ ದಿನ ಮರದ ದೀಪಗಳನ್ನೂ ಹಚ್ಚಲಿಲ್ಲ.

ಈಗ ಹೇಳಲೇಬೇಕಾದದ್ದಕ್ಕೆ ಬಂದೆ. ಡೊರೀನ್, ಅದು ಆರಿಹೋಯಿತು. ಶುಕ್ರವಾರ, ಸಂಜೆ ದೀಪ ಹಚ್ಚಿದ ಹೊತ್ತಿಗೆ. ಹಿಮದಿಂದಲ್ಲ, ನನ್ನಿಂದ.

ಕ್ರಿಸ್‌ಮಸ್ ಕಳೆದ ಹನ್ನೆರಡು ದಿನ ಊರಿನವರೇ ಮುಖ ಮುಚ್ಚಿ ವೇಷ ಹಾಕಿಕೊಂಡು, ನಾವ್ಯಾರು ಹೇಳಿ ಎಂದು ಮನೆ ಮನೆಗೆ ಬರುವುದು ತಪ್ಪುತ್ತದೆಯೇ. ಈ ವರ್ಷ ನಾನು ಬಾಗಿಲಿಗೆ ಅಗುಳಿ ಹಾಕಿದ್ದೆ. ಅವರು ಕುಣಿದರೆ ನಮ್ಮ ನೆಲದ ಹಲಗೆ ಹೇಗೆ ನಡುಗುತ್ತದೆಂದು ನಿನಗೆ ಗೊತ್ತು. ಆದರೆ ಬಡಿತ ಕೇಳಿದ ಕೂಡಲೇ ನಿನ್ನಮ್ಮ ಒಲೆಯ ಹತ್ತಿರದಿಂದ ಓಡಿಬಂದಳು. "ಹುಡುಗ ಆಸ್ಪತ್ರೇಲಿರುವಾಗ ವೇಷದವರನ್ನ ಹೊಸಿಲಿಂದ ವಾಪಸ್ ಕಳಿಸ್ತೀಯಾ? ಬಂದ ಅದೃಷ್ಟಾನೂ ಅವರ ಹಿಂದೇನೇ ಹೋಗುತ್ತೆ, ತೆಗಿ!" ಎಂದಳು. ತೆಗೆದರೂ ಭಯ, ತೆಗೆಯದಿದ್ದರೂ ಭಯ. ತೆಗೆದೆ. ಕುಣಿಯಬಾರದು ಎಂದು ಷರತ್ತು ಹಾಕಿ ಒಳಗೆ ಬಿಟ್ಟೆ. ಮೂವರೂ ಇಗರ್ಜಿಯಲ್ಲಿ ಕೂತ ಹಾಗೆ ಸಾಲಾಗಿ ಕೂತರು. ಇಬ್ಬರ ಮುಖಕ್ಕೆ ದಿಂಬಿನ ಗವಸು, ಮಾತೆಲ್ಲ ಉಸಿರು ಒಳಗೆಳೆದುಕೊಂಡು, ದನಿಯ ಗುರುತು ಸಿಗದ ಹಾಗೆ. "ನಾವ್ಯಾರು ಹೇಳಜ್ಜಾ, ಕಣ್ಣು ಮಂಜಾಯ್ತಾ?" ಎಂದು ಕೆಣಕಿದರು. ಗಂಡನ ಉಣ್ಣೆಯ ಒಳಚಡ್ಡಿ ಹಾಕಿಕೊಂಡು ಬಂದವಳು ಅಂಚೆಮನೆಯ ಫೀಬಿ ಎಂದು ಕೆಮ್ಮಿನಿಂದಲೇ ಹಿಡಿದೆ. ಎರಡನೆಯವನು ಅವಳ ಗಂಡ. ಮೂರನೆಯದು ಒಂದು ದೊಡ್ಡ ಹೆಂಗಸು, ಉದ್ದ ಲಂಗ, ಮುಖಕ್ಕೆ ಕಿಟಕಿಯ ಪರದೆ. ಅದು ಯಾರೆಂದು ಹೊಳೆಯಲೇ ಇಲ್ಲ. ಗುರುತು ಹಿಡಿಯದಿದ್ದರೆ ಪರದೆ ತೆಗೆಯಬೇಕಾಗಿಲ್ಲ, ಅದು ನೇಮ. "ಲಿಯಾಂಡರಣ್ಣ ಸೋತ, ಲಿಯಾಂಡರಣ್ಣ ಸೋತ!" ಎಂದು ಫೀಬಿ ಚಪ್ಪಾಳೆ ತಟ್ಟಿದಳು. ಈ ಊರಲ್ಲಿ ಹೆಜ್ಜೆಯ ಸದ್ದಿನಿಂದಲೇ ಯಾರೆಂದು ಹೇಳುವವನು ನಾನು. ಜಂಭ ಕೆರಳಿತು ಮಗಳೇ. ಒಂದು ವಾರದ ಭಯವೆಲ್ಲ ಒಂದು ಗಳಿಗೆ ಮರೆತುಹೋಯಿತು. ಎದ್ದು ಅದರ ಕೈ ಹಿಡಿದು ಬೆಳಕಿಗೆ ಎಳೆದೆ. ಅದು ಬಿಡಿಸಿಕೊಂಡು ಹಿಂದೆ ಸರಿಯಿತು, ಲಂಗದ ಅಂಚು ಪೆಟ್ಟಿಗೆಯ ತಂತಿಗೆ ಸಿಕ್ಕಿತು, ಪ್ಲಗ್ಗು ಗೋಡೆಯಿಂದ ಕಿತ್ತು ಬಂತು.

ಟೀವಿಯಲ್ಲಿ ಬರೀ ಹಿಮ ಸುರಿದ ಹಾಗೆ ಬಿಳಿ ಚುಕ್ಕೆ, ಬುಸ್ಸೆನ್ನುವ ಸದ್ದು. ಕೆಂಪು ದೀಪ ಇರಲಿಲ್ಲ. ಪರದೆ ತೆಗೆದು ನೋಡಿದರೆ ಆಬ್ಸಲಮ್, ಕೋರಿಯನ್ನು ಹಿಮದ ಗಾಡಿಯಲ್ಲಿ ಹೆದ್ದಾರಿಯ ತನಕ ತಲುಪಿಸಿದನಲ್ಲ, ಅದೇ ಆಬ್ಸಲಮ್. ಟೀವಿಯ ಮೇಲಿನ ಚೀಟಿ ಓದಿ ಅಷ್ಟು ದೊಡ್ಡ ಆಳು ಲಂಗದಲ್ಲೇ ನೆಲದ ಮೇಲೆ ಕೂತುಬಿಟ್ಟ. ನಿನ್ನಮ್ಮ ಯಾರನ್ನೂ ಬೈಯಲಿಲ್ಲ. ಅವಳು ಬೈದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಅಂದಿನಿಂದ ನಮ್ಮ ಮುಂದಿನ ಕೋಣೆ ಹಡಗುಕಟ್ಟೆಯ ಹಾಗೆ ಜನರಿಂದ ಗಿಜಿಗುಡುತ್ತಿದೆ. ಮತ್ತೆ ಎಂಟನೇ ಬಾಗಿಲಿಗೆ ತಲುಪಿ ಅಲ್ಲಿ ನಿಲ್ಲಿಸಿಟ್ಟರೆ ಆಯಿತು, ಹುಡುಗನಿಗೆ ಹೇಗೆ ಗೊತ್ತಾಗುತ್ತದೆ ಎಂಬುದು ಆಬ್ಸಲಮ್‌ನ ಯೋಚನೆ. ಅವನ ಒಂದು ಬೆರಳು ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತುತ್ತದೆ. ಒಂದನೇ ಬಾಗಿಲು ದಾಟಲಿಲ್ಲ. ನಾನು ಎರಡನೆಯದರ ತನಕ ಹೋದೆ. ಕೊನೆಗೆ ಯಾರು ಗೆದ್ದರು ಗೊತ್ತೇ, ಫೀಬಿ! ಮೂವತ್ತು ವರ್ಷ ಕಾಗದ ವಿಂಗಡಿಸಿದ ಬೆರಳುಗಳು. ಇಗರ್ಜಿ ಮುಗಿಸಿ ನೇರ ಇಲ್ಲಿಗೆ ಬಂದು, ಕನ್ನಡಕ ಮೂಗಿನ ತುದಿಗೆ ಇಳಿಸಿ, "ಬಾರೋ ನನ್ನ ಗಂಡಸೇ, ಕಾವಲು ಕಾಯ್ತೀಯಾ?" ಎಂದು ಅದರ ರಾಕ್ಷಸರನ್ನೇ ಬೈಯುತ್ತಾ ನಿನ್ನೆ ಆರನೇ ಬಾಗಿಲು ದಾಟಿದಳು. ಈಗ ಆಟ ಏಳನೆಯದರ ಮುಂದೆ ನಿಂತಿದೆ.

ಗುರುವಾರ ಬೆಳಗ್ಗೆ ಕೋರಿಯ ಎದೆ ತೆರೆಯುತ್ತಾರೆ. ಮಗು ನೆಮ್ಮದಿಯಾಗಿರಬೇಕು, ಹೆದರಿದರೆ ಆ ಗುಂಡಿಗೆಗೆ ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ್ದನ್ನು ನೀನೇ ಫೋನಿನಲ್ಲಿ ಹೇಳಿದೆ. ಆಟ ಆರಿದ್ದು ತಿಳಿದರೆ ಅವನು ಏನೆಂದುಕೊಳ್ಳುತ್ತಾನೆಂದು ನೆನೆದು ರಾತ್ರಿ ಎದ್ದೆದ್ದು ಆ ಕೋಣೆಗೆ ಹೋಗುತ್ತೇನೆ. ನನ್ನನ್ನು ಮೂಢ ಎನ್ನು. ಹುಡುಗ ಹೇಳಿದ ಮಾತು ನಿಜವಾಗಿಬಿಟ್ಟರೆ ಎಂಬ ಭಯ ನನ್ನೊಳಗೂ ಹೊಕ್ಕಿದೆ. ಆದ್ದರಿಂದ ನನ್ನ ಕೋರಿಕೆ ಇದು. ಅವನು ಕೇಳಿದರೆ ಕೆಂಪು ದೀಪ ಉರಿಯುತ್ತಿದೆ ಎಂದು ಹೇಳು. ಉರಿಯುತ್ತಲೇ ಇದೆ, ನಾನು ಈಗ ನೋಡಿ ಬಂದೆ. ಅದಕ್ಕಿಂತ ಹೆಚ್ಚು ಹೇಳಬೇಡ. ಜೀವಮಾನದಲ್ಲಿ ನಿನಗೆ ಸುಳ್ಳು ಕಲಿಸಿದವನಲ್ಲ, ಇದೊಂದನ್ನು ನನ್ನ ಲೆಕ್ಕಕ್ಕೆ ಹಾಕು.

ನಿನ್ನಮ್ಮ ಕೋರಿಯ ಎರಡು ಕೆನ್ನೆಗೂ ಮುತ್ತು ಕಳಿಸಿದ್ದಾಳೆ, ನಿನ್ನ ಹಣೆಗೆ ಒಂದು. ಆಬ್ಸಲಮ್ ನಿಮ್ಮ ಮನೆಯ ಮಾಡಿನ ಹಿಮ ತೆಗೆದಿದ್ದಾನೆ. ಸಮುದ್ರಕ್ಕೆ ಹೋದವರನ್ನು ಕಾಯುವ ದೇವರು ಸಮುದ್ರ ಕಾಣದ ಆ ಕೋಣೆಯಲ್ಲೂ ನಿಮ್ಮ ತಲೆ ಕಾಯಲಿ.

ಇಂತಿ ನಿನ್ನ ಅಪ್ಪ,
ಲಿಯಾಂಡರ್

ಮ. ವಿ.: ಲಕೋಟೆಗೆ ಅಂಟು ಹಚ್ಚುವಾಗ ಫೋನು ಬಂತು. ಕೋರಿ! ನೀನು ಮುಖ ತೊಳೆಯಲು ಹೋಗಿದ್ದೀಯಂತೆ, ನರ್ಸಮ್ಮನ ಮೇಜಿನಿಂದ ಮಾಡಿದ. "ತಾತ, ನಿಜ ಹೇಳು, ಆನ್ ಇದ್ಯಾ?" ಎಂದ. ಮೇಲೆ ನಿನಗೆ ಬರೆದ ಮಾತು ನಾಲಿಗೆಯ ತುದಿಗೆ ಬಂತು, ಹೊರಗೆ ಬರಲಿಲ್ಲ. ಆರಿತು, ತಪ್ಪು ನನ್ನದು ಎಂದೆ. ಅವನು ಮೆಲ್ಲಗೆ ಹೇಳಿದ, "ಪರ್ವಾಗಿಲ್ಲ ತಾತ. ನಾನು ಆವತ್ತೇ ಎಂಟನೇ ಬಾಗಿಲೊಳಗೆ ಹೋಗ್ಬಹುದಿತ್ತು. ಏನಿದ್ಯೋ ಅಂತ ಭಯ ಆಯ್ತು, ಅದಕ್ಕೇ ನಿಲ್ಸಿದ್ದು." ಫೀಬಿ ಏಳನೇ ಬಾಗಿಲಲ್ಲಿದ್ದಾಳೆ ಎಂದರೆ "ಅಂಚೆಮನೆ ಫೀಬಿನಾ?" ಎಂದು ನಕ್ಕ. ನಕ್ಕವನು ಅತ್ತ. ಡೊರೀನ್, ಅವನು ನಿನ್ನೆದುರು ನಗುವುದು ನೀನು ಅಳಬಾರದೆಂದು. ಗುರುವಾರ ಮೂಗಿಗೆ ಮುಚ್ಚಳ ಇಟ್ಟು ನಿದ್ದೆ ಬರಿಸುತ್ತಾರಂತೆ, ಆಗ ಅಮ್ಮ ಹೊರಗಿರಬೇಕಂತೆ. ಅವನಿಗೆ ಅದೊಂದೇ ಭಯ, ಉಳಿದ ಯಾವುದೂ ಅಲ್ಲ. ನಿನ್ನನ್ನು ಕೇಳಲು ನಾಚಿಕೆ ಅವನಿಗೆ, ದೊಡ್ಡವನಾದೆನಂತೆ. ಡಾಕ್ಟರನ್ನು ಇವತ್ತೇ ಹೋಗಿ ಕೇಳು, ಕಾಲು ಹಿಡಿದಾದರೂ ಕೇಳು. ಅವನ ಕಣ್ಣು ಮುಚ್ಚುವ ತನಕ ಕೈ ಬಿಡಬೇಡ. ಸುಳ್ಳು ಹೇಳು ಎಂದು ಬರೆದ ಹಾಳೆ ಹರಿಯಲು ಹೊತ್ತಿಲ್ಲ, ಗಸ್ ಹಾರ್ನ್ ಹೊಡೆಯುತ್ತಿದ್ದಾನೆ.