ಅವ್ವ ಬಿಟ್ಟುಬಂದ ನೆರಳು

ಪಾಂಡವಪುರ, ಭಾನುವಾರ, ನವೆಂಬರ್ ೧೬

ಮಕ್ಕಳ ವಿಜ್ಞಾನ ಕೇಂದ್ರದ ಕತ್ತಲ ಕೋಣೆಯಲ್ಲಿ ಫಕ್ಕನೆ ಬೆಳಕು ಹೊಡೆದರೆ, ಬೆಳಕು ಹೀರುವ ಬಣ್ಣ ಬಳಿದ ಗೋಡೆಗೆ ಒರಗಿದವರ ನೆರಳು ಸ್ವಲ್ಪ ಹೊತ್ತು ಅಲ್ಲೇ ಅಂಟಿಕೊಂಡಿರುತ್ತದೆ. ಇವತ್ತು ಅದನ್ನು ಕಂಡು ಮಗಳು ಮಾನಸ ಕುಣಿದಳು. ಅವ್ವ ಮಾತ್ರ ಕದಲಲಿಲ್ಲ.

"ನೆಳ್ಳು ಬುಟ್ಟೋದೋರು ಉಳಿಯಾಕಿಲ್ಲ ಕಣ್ಲಾ."

"ಮುಂದಿನ್ ವಾರ ಬಂದು ಗಂಟು ಕಟ್ಕೊಂಡೋಗವ, ನಡಿಯವ್ವ," ಎಂದು ಮಹಾವಿಜ್ಞಾನಿಯ ಗತ್ತಿನಲ್ಲಿ ಎಳೆದುತಂದೆ.

ಮನೆಗೆ ಬಂದ ಅವ್ವ ಮುದ್ದೆಯನ್ನೂ ಮುಟ್ಟದೆ ಮಲಗಿದಳು. ಈಗ ಕರೆಂಟಿಲ್ಲ. ಸುಮ್ಮನೆ, ತಮಾಷೆಗೆ, ಮೊಬೈಲ್ ಟಾರ್ಚು ಹಿಡಿದು ಅವಳ ಪಕ್ಕದ ಗೋಡೆ ನೋಡಿದೆ. ಅವ್ವನ ನೆರಳಿತ್ತು, ಉಸಿರಿಗೆ ಏರಿ ಇಳಿಯುತ್ತಿತ್ತು. ನನ್ನದು ಎಲ್ಲೂ ಕಾಣಲಿಲ್ಲ. ಟಾರ್ಚು ಹಿಡಿದವನ ನೆರಳು ಎದುರಿಗೆ ಬೀಳುವುದಿಲ್ಲ, ಅಷ್ಟು ವಿಜ್ಞಾನ ನನಗೂ ಗೊತ್ತು. ಆದರೂ, ವಿಜ್ಞಾನ ಕೇಂದ್ರದ ಆ ಗೋಡೆಗೆ ಅವ್ವನ ಜೊತೆ ನಾನೂ ಒರಗಿದ್ದೆನಲ್ಲ…