ಬೆರಳು ಬಿತ್ತು, ಬೆರಳು ಸರಿಯಿತು

ಮಾರ್ಚ್ 4, ಮಂಗಳವಾರ

ಇವರಿಗೆ ಗಡ್ಡ ಹೆರೆದು, ಕಿಟಕಿ ಪಕ್ಕ ಕೂರಿಸಿ, ಟ್ಯಾಬ್ಲೆಟ್ ತೊಡೆಯ ಮೇಲಿಟ್ಟೆ. ಬಲಗೈ ಎತ್ತಲಾಗದು, ಎಡಗೈ ನಡುಗುತ್ತದೆ. ಮಾತು ಪಾರ್ಶ್ವವಾಯು ಹೊಡೆದ ದಿನವೇ ಹೋಯಿತು. ಜೀವನಪೂರ್ತಿ ಬಸ್ ಓಡಿಸಿದ ಮನುಷ್ಯ. ಹಾರ್ನ್ ಯಾಕೆ, ನಿಮ್ಮ ಗಂಟಲೇ ಸಾಕು ಎನ್ನುತ್ತಿದ್ದೆ...

ಟ್ಯಾಬ್ಲೆಟ್‌ನಲ್ಲಿರುವುದು ಸೊಸೆ ಮಾಡಿದ ಚಿತ್ರಗಳ ಹಲಗೆ. ನೀರು, ನೋವು, ಸಾಕು, ಹೌದು, ಇಲ್ಲ. ಯಾವುದನ್ನು ಮುಟ್ಟಿದರೆ ಅದನ್ನು ಹೇಳುತ್ತದೆ. ಕೊನೆಯಲ್ಲಿ ನನ್ನ ಫೋಟೊ. ಅದನ್ನು ಮುಟ್ಟಿದರೆ ಇವರದೇ ದನಿ. ಮಗನ ಮದುವೆಯ ವಿಡಿಯೊದಿಂದ ಸೊಸೆ ಕತ್ತರಿಸಿ ಹಾಕಿದ್ದು: "ಎಷ್ಟು ಹೊತ್ತೇ ನಿಂದು? ಬಾ ಇಲ್ಲಿ." ಯಾರೂ ಇಲ್ಲದಾಗ ನಾನೇ ಒತ್ತಿ ಕೇಳುತ್ತೇನೆ. ಇವರು ಮಾತ್ರ ಒತ್ತುವುದಿಲ್ಲ.

ಮಾರ್ಚ್ 7, ಶುಕ್ರವಾರ

ಮಾತು ಕಲಿಸುವ ಮೇಡಂ ಬಂದಿದ್ದರು. ಏನು ಕೇಳಿದರೂ ಹಲಗೆಯಿಂದ ಒಂದು ಸದ್ದಿಲ್ಲ. ಇವರ ಎದುರಿಗೇ ಹೇಳಿಬಿಟ್ಟರು: "ನೋಡಿಮ್ಮಾ, ನಾವು ಹೇಳೋದು ಇವರಿಗೆ ಅರ್ಥ ಆಗ್ತಿದೆಯಾ ಅಂತಾನೇ ನಂಗೆ ಅನುಮಾನ. ಮುಂದಿನ ಶುಕ್ರವಾರ ಕೊನೇ ಸಲ ನೋಡ್ತೀನಿ. ಆಗ್ಲೂ ಹಿಂಗೇ ಇದ್ರೆ ಈ ಸಮಯ ಬೇರೆಯವರಿಗೆ ಕೊಡ್ಬೇಕಾಗತ್ತೆ."

ಇವರು ಗೋಡೆ ಕಡೆ ತಿರುಗಿದರು. ಅರ್ಥವಾಗದವರು ಯಾಕೆ ತಿರುಗಬೇಕು? ಅಥವಾ ಅದೂ ನನ್ನ ಭ್ರಮೆಯೋ. ಇಡೀ ಸಂಜೆ ಯಾವ ಕೆಲಸದಲ್ಲೂ ಕೈ ಓಡಲಿಲ್ಲ.

ಮಾರ್ಚ್ 8, ಶನಿವಾರ

ಸೊಸೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಹರಡಿಕೊಂಡು, ಟ್ಯಾಬ್ಲೆಟ್‌ಗೆ ವೈರ್ ಚುಚ್ಚಿದಳು.

"ಡೀಬಗ್ ಮೋಡ್‌ನಲ್ಲಿ ಓಡಿಸ್ತೀನಿ ಅತ್ತೆ."

"ಹಂಗಂದ್ರೆ?"

"ಹಲಗೆ ಎಂದಿನ ಹಾಗೇ ಕೆಲಸ ಮಾಡತ್ತೆ. ಆದ್ರೆ ಒಳಗೆ ಏನೇನ್ ನಡೀತಿದೆ ಅಂತ ಇಲ್ಲಿ ಸಾಲುಸಾಲಾಗಿ ಹೇಳ್ತಾ ಹೋಗತ್ತೆ. ಬೇಕಾದ ಕಡೆ ನಿಲ್ಲಿಸಿಯೂ ನೋಡ್ಬಹುದು. ನಿಮಗೂ ಓದೋಕೆ ಆಗ್ಲಿ ಅಂತ ಕನ್ನಡದಲ್ಲೇ ಬರೆಸಿದ್ದೀನಿ."

ಮೂಗು ತೂರಿಸುವ ಅತ್ತೆಗೆಂದೇ ಮಾಡಿದ ಅನುಕೂಲ! ನೀರು ಒತ್ತಿದೆ. ಬಂತು: ಬೆರಳು ಬಿತ್ತು — ನೀರು. ಬೆರಳು ಎದ್ದಿತು. ದನಿ ಹೊರಟಿತು. ನಾನು ಒತ್ತಿದ್ದೆಲ್ಲ ಸರಿ. ಅವಳು ಒತ್ತಿದ್ದೂ ಸರಿ. "ಯಂತ್ರ ಸರಿಯಾಗೇ ಇದೆಯಲ್ಲೇ. ಹಾಗಾದ್ರೆ ಮೇಡಂ ಹೇಳಿದ್ದೇ ನಿಜ" ಎಂದೆ.

"ತಡೀರಿ ಅತ್ತೆ. ಇದು ನಿಮ್ಮ ಬೆರಳು, ನನ್ನ ಬೆರಳು. ಮಾವನ ಬೆರಳು ಎಲ್ಲಿ ನೋಡಿದ್ವಿ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳ ದಾರಿಯೇ ಬೇರೆ. ಕುಣಿಯುವವರನ್ನು ಬಿಟ್ಟು ತಾನು ಹಾಕಿದ ನೆಲದ ಮೇಲೇ ಅನುಮಾನ ಪಡುತ್ತಾಳೆ.

ಮಾರ್ಚ್ 9, ಭಾನುವಾರ

ಇವತ್ತಿನದನ್ನು ಬರೆಯಲೇಬೇಕು.

ಬೆಳಿಗ್ಗೆ ಇವರ ತೊಡೆಯ ಮೇಲೆ ಟ್ಯಾಬ್ಲೆಟ್. ಸೊಸೆ ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. "ಮಾವ, ನೀರು ಬೇಕಾ?"

ಹಲಗೆ ಎಂದಿನಂತೆ ಮೂಕ. ಆದರೆ ಅವಳ ಪರದೆಯಲ್ಲಿ: ಬೆರಳು ಬಿತ್ತು — ಹೌದು. ಬೆರಳು ಸರಿಯಿತು. ರದ್ದು.

ಅವಳು ಅಲ್ಲೇ ನಿಲ್ಲಿಸಿ, ಪರದೆಗೆ ಮುಖ ಕೊಟ್ಟು ಸುಮಾರು ಹೊತ್ತು ನೋಡಿದಳು. ಆಮೇಲೆ ತಲೆ ಎತ್ತಿದಾಗ ಕಣ್ಣು ತುಂಬಿತ್ತು.

"ನಡುಗೋ ಬೆರಳು ಒಂಚೂರು ಜಾರತ್ತೆ ಅತ್ತೆ. ಪುಟ ಸರಿಸ್ತಿದ್ದಾರೆ ಅಂದ್ಕೊಂಡು ಒತ್ತಿದ್ದನ್ನೇ ರದ್ದು ಮಾಡ್ತಿದೆ. ಮಾವ ಉತ್ತರ ಕೊಡ್ತಾನೇ ಇದ್ದಾರೆ. ನಾನು ಮಾಡಿದ ಹಲಗೇನೇ ಕಿವುಡು."

ನನಗೆ ನಂಬಿಕೆ ಬರಲಿಲ್ಲ. ಕೈ ಎಲ್ಲಾದರೂ ಬಿದ್ದಿರಬಹುದು, ಎಂದೆ. ಅವಳು ಇವರ ಕಡೆ ತಿರುಗಿ, "ಮಾವ, ನಿಜ ಹೇಳಿ. ಅತ್ತೆ ಜಗಳಗಂಟೀನಾ?"

ಬೆರಳು ಬಿತ್ತು — ಹೌದು. ಬೆರಳು ಸರಿಯಿತು. ರದ್ದು.

ನಕ್ಕೆ. ನಗುತ್ತಲೇ ಅತ್ತುಬಿಟ್ಟೆ. ಬೈಸಿಕೊಂಡು ಇಷ್ಟು ಸಂತೋಷಪಟ್ಟದ್ದು ಇದೇ ಮೊದಲು. ಇವರ ತುಟಿಯೂ ಒಂದು ಕಡೆ ಎದ್ದಿತ್ತು.

ಆಮೇಲೆ ಸಾಲುಗಳನ್ನು ಮೇಲಿನಿಂದ ಓದಿದೆ. ಬೆಳಗಿನಿಂದ ಬೆರಳು ಎಲ್ಲಕ್ಕಿಂತ ಹೆಚ್ಚು ಸಲ ಬಿದ್ದದ್ದು ನನ್ನ ಫೋಟೊ ಮೇಲೆ. ಅದೇ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಕರೆಯುತ್ತಲೇ ಇದ್ದಾರೆ... ರದ್ದು. ರದ್ದು. ರದ್ದು.

ಮಾರ್ಚ್ 11, ಮಂಗಳವಾರ

ರಿಪೇರಿ. ಇನ್ನು ಬೆರಳು ಏಳುವ ತನಕ ಕಾಯುವುದಿಲ್ಲ, ಬಿದ್ದ ಕೂಡಲೇ ಲೆಕ್ಕ. ಪುಟವೂ ಜಾರದಂತೆ ಕಟ್ಟಿಹಾಕಿದ್ದಾಳೆ. ಮೊದಲ ಸಲ ಓಡಿಸಿದಾಗ ನಡುಕಕ್ಕೆಲ್ಲ ಓಗೊಟ್ಟು, "ನೀರು ನೀರು ನೀರು ನೀರು" ಎಂದು ಮನೆಗೆ ಬೆಂಕಿ ಬಿದ್ದ ಹಾಗೆ ಕಿರುಚಿತು. ಇವರೇ ಬೆಚ್ಚಿದರು. ಸೊಸೆ ಸಿಡುಕಲಿಲ್ಲ. ತಿದ್ದು, ಓಡಿಸು, ನೋಡು. ಮತ್ತೆ ತಿದ್ದು.

ನಾನೂ ಹೊಲಿಗೆಯವಳು. ತಪ್ಪು ಹೊಲಿಗೆ ಬಿಚ್ಚುವಾಗ ಸಿಟ್ಟಿಗೆ ಬಟ್ಟೆ ಹರಿದದ್ದುಂಟು. ಇವಳದು ಒಂದೊಂದೇ ಎಳೆ. ಈ ತಾಳ್ಮೆ ಎಲ್ಲಿಂದ ತಂದಳೋ! ನನ್ನ ಮಗನಿಗೆ ಇದಕ್ಕಿಂತ ಹೆಚ್ಚಿನವಳು ಸಿಗುತ್ತಿರಲಿಲ್ಲ. ಬರೆದುಬಿಟ್ಟೆ, ಇರಲಿ.

ಮಾರ್ಚ್ 14, ಶುಕ್ರವಾರ

ಮೇಡಂ ಬಂದರು. ಕೇಳಿದ್ದಕ್ಕೆಲ್ಲ ಹಲಗೆ ಉತ್ತರ ಕೊಟ್ಟಿತು. ತಡವಾಗಿ, ಆದರೆ ಸರಿಯಾಗಿ. ಅವರಿಗೆ ನಂಬಲಾಗದೆ ಅದನ್ನೇ ತಿರುಗಿಸಿ ತಿರುಗಿಸಿ ಕೇಳಿದಾಗ ಇವರು ಒತ್ತಿದ್ದು: "ಸಾಕು." ಮೇಡಂ ಬಿದ್ದು ಬಿದ್ದು ನಕ್ಕರು. ಆಮೇಲೆ ಇವರ ಕೈ ಹಿಡಿದು, "ತಪ್ಪು ತಿಳ್ಕೊಂಡಿದ್ದೆ ಸರ್. ಮುಂದಿನ ವಾರದಿಂದ ಎರಡು ಸಲ ಬರ್ತೀನಿ" ಎಂದರು.

ಅವರು ಹೋದ ಮೇಲೆ ಸೊಸೆ ವೈರ್ ಕಿತ್ತಳು. ಡೀಬಗ್ ಮೋಡ್ ಬಂದ್. ಇರಲಿ ಬಿಡೇ, ಓದೋಕೆ ಚೆನ್ನಾಗಿತ್ತು, ಎಂದೆ.

"ಬೇಡ ಅತ್ತೆ. ಮಾವ ಎಲ್ಲೆಲ್ಲಿ ಬೆರಳಿಟ್ರು ಅಂತ ಇನ್ಮೇಲೆ ನಾವು ಯಾಕೆ ಇಣುಕ್ಬೇಕು? ಹೇಳಿದ್ದನ್ನ ಕೇಳಿಸ್ಕೊಂಡ್ರೆ ಸಾಕು."

ವೈರ್ ಸುತ್ತಿ ನಾನೇ ಒಳಗಿಟ್ಟೆ. ಸಂತೋಷದಿಂದಲೇ.

ಮಾರ್ಚ್ 16, ಭಾನುವಾರ

ಅವಳಿಗೆ ಎದುರಿಗೆ ಒಂದು ಒಳ್ಳೆಯ ಮಾತು ಹೇಳಬೇಕು. ಬಾಯಿಬಿಟ್ಟು ಹೊಗಳಿ ಅಭ್ಯಾಸವಿಲ್ಲ. ಇಲ್ಲಿ ಬರೆದು ನೋಡಿಕೊಂಡು ಹೋದರೆ ತಡವರಿಸುವುದಿಲ್ಲ ಎಂದು ಕೂತಿದ್ದೇನೆ. "ನೋಡೇ, ನೀನು ನಮ್ಮ ಮನೆಗೆ..." ಇಲ್ಲ, ಇದು ನಾಟಕದ ಮಾತಾಯಿತು. "ನಿನ್ನಿಂದ ನಂಗೆ ನನ್ನ..."

"ಎಷ್ಟು ಹೊತ್ತೇ ನಿಂದು? ಬಾ ಇಲ್ಲಿ."

ಇವರ ಕೋಣೆಯಿಂದ. ಇವರದೇ ದನಿ. ನಾನು ಒತ್ತಿದ್ದಲ್ಲ.

ಮತ್ತೆ. "ಎಷ್ಟು ಹೊತ್ತೇ ನಿಂದು?" ಬಂದೆ, ಬಂದೆ! ಈ ಮನುಷ್ಯನಿಗೆ ಯಾವತ್ತು ತಾನೆ ತಾಳ್ಮೆ...